ಪುಟ್ಟಿ ಮೆತ್ತಿದ ಬೆಸುಗೆ

“ಎಡಕ್ಕೆ... ಇನ್ನೂ ಎಡಕ್ಕೆ! ಕಾಲ್ಕಡೆ ಮೇಲೆತ್ರೋ!”

ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರ ದೇಹ ಸಿಕ್ಕಿಕೊಂಡಿತ್ತು. ಮುಂದೆ ಅವರ ಭಾವಮೈದ, ಹಿಂದೆ ಕಾಲೇಜಿನ ಮೂವರು ಹುಡುಗರು, ಪಕ್ಕದಲ್ಲಿ ಮೇಷ್ಟ್ರೇ ಬೆಸೆದಿದ್ದ ಕಬ್ಬಿಣದ ಕಂಬಿ. ಅದು ಕೂದಲೆಳೆಯಷ್ಟೂ ಜಗ್ಗಲಿಲ್ಲ.

“ಭಾವ ಮಾಡಿದ್ದಂದ್ರೆ ಹೀಗೇ,” ಭಾವಮೈದ ಏದುಸಿರು ಬಿಟ್ಟ. “ಅವರಿಗೇ ದಾರಿ ಬಿಡಲ್ಲ.”

ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು. ಕೆಳಗೆ ನಿಂತಿದ್ದ ಕ್ಯಾಪ್ಟನ್‌ಗೆ ನಗು ಬರಲಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕನೇ ಸಲ ಗಡಿಯಾರ ನೋಡಿಕೊಂಡಳು. ಸಂಜೆ ಐದಕ್ಕೆ ರೇಸ್ ಗಾಡಿಯನ್ನು ಸ್ಪರ್ಧೆಗೆ ಒಯ್ಯುವ ಲಾರಿ ಬರುತ್ತದೆ.

ಕ್ಯಾಪ್ಟನ್ ಅಂದರೆ ಸೈನ್ಯದವಳಲ್ಲ, ಎಂಜಿನಿಯರಿಂಗ್ ಕೊನೆ ವರ್ಷದ ಹುಡುಗಿ. ಕಲ್ಲುಮಣ್ಣು, ಹಳ್ಳದಿಣ್ಣೆಯಲ್ಲಿ ಓಡುವ ಒಂಟಿ ಸೀಟಿನ ರೇಸ್ ಗಾಡಿಯನ್ನು ತಾವೇ ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ವಿದ್ಯಾರ್ಥಿ ತಂಡಕ್ಕೆ ಮುಖ್ಯಸ್ಥೆ. ಗಾಡಿ ಪಲ್ಟಿಯಾದರೆ ಓಡಿಸುವವನ ತಲೆ ಉಳಿಸಬೇಕಾದ ಪೈಪಿನ ಪಂಜರವನ್ನು ಮಾತ್ರ ವರ್ಕ್‌ಶಾಪಿನ ಈ ವೆಲ್ಡರ್ ಬೆಸೆಯುತ್ತಿದ್ದರು. ಪಾಠ ಮಾಡಿದವರಲ್ಲ. ಆದರೆ ಯಾರು ಏನು ಮಾಡಿ ತೋರಿಸಿದರೂ “ಇನ್ನೊಂದ್ಸಲ” ಅನ್ನುತ್ತಿದ್ದುದರಿಂದ, ಮಕ್ಕಳ ಬಾಯಲ್ಲಿ ಇನ್ನೊಂದ್ಸಲ ಮೇಷ್ಟ್ರು ಆಗಿಬಿಟ್ಟಿದ್ದರು.

“ನಮ್ಮನೆ ಕಿಟಕಿ ಸರಳು ಅವರದೇ ಕೈ,” ಎಂದರು ಪಕ್ಕದ ಮನೆಯವರು. “ಹನ್ನೊಂದು ರೇಸ್ ಗಾಡಿ ಕಟ್ಟಿದ್ರಂತಲ್ಲ?”

“ಕಟ್ಟಿದ್ದೇನೋ ನಿಜ,” ಅಂದರು ಮೇಷ್ಟ್ರ ಹೆಂಡತಿ. “ಬಸ್ ಹತ್ತಿದ್ರೆ ಸಾಕು, ವಾಂತಿ. ಮೂವತ್ತು ವರ್ಷ ನಡ್ಕೊಂಡೇ ಕೆಲಸಕ್ಕೆ ಹೋದ್ರು. ಒಂದೇ ಒಂದು ರೇಸು ನೋಡ್ಲಿಲ್ಲ.”

*

ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಮೇಷ್ಟ್ರು ಕನ್ನಡಕ ತೆಗೆದು, ಬಲಗೈಯನ್ನು ಬಿಚ್ಚಿ ಮಡಚಿ ನೋಡಿಕೊಂಡಿದ್ದರು.

“ಕೈ ಯಾಕೋ ಮಾತು ಕೇಳ್ತಿಲ್ಲಮ್ಮ. ಒಂದು ಬೆಸುಗೆ ಉಳಿದಿದೆ. ಪೈಪು ನಿಲ್ಲಲಿ ಅಂತ ಎರಡು ಚುಕ್ಕಿ ಮಾತ್ರ ಇಟ್ಟಿದ್ದೀನಿ. ಸೋಮವಾರ ಬೆಳಿಗ್ಗೆ ಮುಗಿಸ್ತೀನಿ. ಅಲ್ಲೀವರೆಗೂ ಬಣ್ಣದ ಸುದ್ದಿಗೆ ಹೋಗ್ಬೇಡಿ.”

“ಹೂಂ ಮೇಷ್ಟ್ರೇ.”

“ಕಂಪ್ಯೂಟರಲ್ಲಿ ಕೂಡಿಸಿದ್ದೆಲ್ಲ ಕೂಡಿದ ಹಾಗಲ್ಲ. ಕೇಳಿಸ್ತಾ?”

“ಹೂಂ ಅಂದ್ನಲ್ಲ!”

ಅವಳ ಕಿವಿಯಲ್ಲಿದ್ದ ಫೋನಿನ ಆ ಕಡೆ ಬಣ್ಣದಂಗಡಿಯವನಿದ್ದ. ಸೋಮವಾರ ಬೆಸೆದರೆ ಬಣ್ಣ ಒಣಗುವುದು ಯಾವಾಗ? ಬರಿಮೈ ಗಾಡಿಯನ್ನು ತೀರ್ಪುಗಾರರ ಮುಂದೆ ನಿಲ್ಲಿಸಲು ಅವಳಿಗೆ ಮನಸ್ಸಿರಲಿಲ್ಲ. ಭಾನುವಾರ ಬೆಳಿಗ್ಗೆ ತಂಡವನ್ನು ಕರೆಸಿ, ಸಂದುಗಳೆಲ್ಲ ನುಣ್ಣಗೆ ಕಾಣಲೆಂದು ಪುಟ್ಟಿ ಮೆತ್ತಿಸಿ, ಮೇಲೆ ಕೆಂಪು ಹೊಡೆಸಿದಳು. ಬಾಕಿ ಉಳಿದ ಆ ಒಂದನ್ನು ಸೋಮವಾರ ಕೆರೆದು ಕೊಟ್ಟರಾಯಿತು ಎಂದುಕೊಂಡಿದ್ದಳು. ಸಂಜೆ ಸುದ್ದಿ ಬಂತು. ಎದೆ ನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

*

ಸ್ಮಶಾನದಿಂದ ಎಲ್ಲರೂ ಹೊರಗೆ ಬಂದಾಗ ಎರಡು ಗಂಟೆ. ಗೇಟಿನ ಹತ್ತಿರ ಅವಳು ತಂಡದವರನ್ನು ನಿಲ್ಲಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

“ಯಾವ ಬೆಸುಗೆ?” ಕೇಳಿದ ಗಾಳಿ. ಗಾಡಿ ಓಡಿಸುವವನು ಅವನೇ. ಕೂತಲ್ಲಿ ಕೂರದ್ದಕ್ಕೆ ಆ ಹೆಸರು.

“ಕೇಳ್ಲಿಲ್ಲ.”

“ನಲವತ್ತೆರಡಿದೆ ಮಾರಾಯ್ತಿ! ಎಲ್ಲ ಕೆರೆದ್ರೆ ಲಾರಿ ಹೋಗುತ್ತೆ. ಒಂದ್ ವರ್ಷದ ಕೆಲಸ ನೀರಲ್ಲಿ ಹೋಮ. ಮೇಷ್ಟ್ರು ಯಾವತ್ತಾದ್ರೂ ಅರ್ಧಂಬರ್ಧ ಬಿಟ್ಟಿದ್ದಾರಾ? ನೀನು ಹೋದ್ಮೇಲೆ ಮುಗಿಸಿರ್ತಾರೆ. ಓಡಿಸೋನು ನಾನು, ನಂಗಿಲ್ಲದ ಭಯ ನಿಂಗ್ಯಾಕೆ?”

ಹಾಗಿದ್ದರೂ ಇರಬಹುದು. ಹಾಗೇ ಇರಲಿ ಎಂದು ಅವಳ ಜೀವ ಹಾತೊರೆಯಿತು. ಆದರೂ ಕಾಲು ಮೇಷ್ಟ್ರ ಹೆಂಡತಿಯ ಕಡೆಗೇ ಹೋಯಿತು.

“ಅಮ್ಮಾ, ಗಾಡಿ ಬಗ್ಗೆ ಏನಾದ್ರೂ ಅಂದಿದ್ರಾ?”

“ಒಂದು ಬಾಕಿ ಇದೆ, ಹೋಗಿ ಮುಗಿಸ್ಕೊಂಡು ಬಂದ್ಬಿಡ್ತೀನಿ ಅಂತ ನಿನ್ನೆ ಚಪ್ಪಲಿ ಮೆಟ್ಕೊಂಡ್ರು ಕಣಮ್ಮ. ಮೈ ಸರಿಯಿಲ್ಲ, ಬೇಡ ಅಂದೆ. ಆಮೇಲೆ ಅವರೇ ಕೂತ್ಕೊಂಡ್ರು. ಆ ಹುಡುಗಿ ಹೂಂ ಅಂದಿದ್ದಾಳೆ, ಬಣ್ಣ ಮುಟ್ಟಲ್ಲ ಅಂದ್ರು.”

ಅವಳಿಗೆ ದುಃಖ ಒತ್ತರಿಸಿ ಬಂತು. ಕಂಡವರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು. ಏನೂ ಗೊತ್ತಿರದ ಆ ತಾಯಿ, ತಮ್ಮ ಗಂಡನಿಗಾಗಿ ಹುಡುಗಿ ಅಳುತ್ತಿದ್ದಾಳೆಂದುಕೊಂಡು ಅವಳ ಬೆನ್ನು ಸವರಿದರು.

*

ವರ್ಕ್‌ಶಾಪಿನಲ್ಲಿ ಯಾರೂ ಬಟ್ಟೆ ಬದಲಾಯಿಸಲಿಲ್ಲ. ಚಾಕು, ಅರ, ಉಪ್ಪುಕಾಗದ, ಕೈಗೆ ಸಿಕ್ಕಿದ್ದರಲ್ಲಿ ಕೆರೆದರು. ನಿನ್ನೆಯ ಕೆಂಪು ಪುಡಿಯಾಗಿ ಬಿಳಿ ಅಂಗಿಗಳ ಮೇಲೆ ಕೂತಿತು. ಒಂದೊಂದು ಸಂದಿನಲ್ಲೂ ಒತ್ತಾದ ಬೆಸುಗೆ, ಒಂದೇ ಅಳತೆ. ಹತ್ತು. ಇಪ್ಪತ್ತೈದು. ಮೂವತ್ತೊಂಬತ್ತು.

“ನಾನೇನ್ ಹೇಳ್ದೆ?” ಗಾಳಿ ಸಿಡುಕಿದ. “ಮುಗಿಸೇ ಹೋಗಿದ್ದಾರೆ. ನಮ್ಮ ಗಾಡಿ ನೋಡು, ಕಜ್ಜಿ ನಾಯಿ ಆಗಿದೆ.”

“ಇನ್ನೂ ಮೂರಿದೆ.”

ಹೊರಗೆ ಲಾರಿ ಬಂದು ನಿಂತು ಹಾರನ್ ಹೊಡೆಯಿತು. ಗಾಳಿ ಗೊಣಗುತ್ತ ಸೀಟಿಗೆ ಇಳಿದು, ಒರಗಿ ಕೂತು, ಕೈ ಹಿಂದಕ್ಕೆ ಚಾಚಿ ತನ್ನ ತಲೆಯ ಹಿಂದಿನ ಸಂದನ್ನು ಚಾಕುವಿನಿಂದ ಮೀಟಿದ. ಪುಟ್ಟಿ ಒಂದೇ ಹಕ್ಕಳೆಯಾಗಿ ಎದ್ದು ಅವನ ಭುಜದ ಮೇಲೆ ಬಿತ್ತು.

ಅವನು ಚಾಕು ಕೆಳಗಿಟ್ಟ. ತಿರುಗಿ ನೋಡಲಿಲ್ಲ. ಬೆರಳಿನಿಂದ ತಡಕಿದ. ಇತ್ತ ಒಂದು ಚುಕ್ಕಿ, ಅತ್ತ ಒಂದು ಚುಕ್ಕಿ. ನಡುವೆ ಉಗುರು ಸಲೀಸಾಗಿ ಒಳಗಿಳಿಯಿತು.

ಹಾರನ್ ಮತ್ತೆ ಹೊಡೆದುಕೊಂಡಿತು. ಯಾರೂ ಬಾಗಿಲ ಕಡೆ ತಿರುಗಲಿಲ್ಲ. ಗಾಳಿ ಉಗುರನ್ನು ಅಲ್ಲಿಂದ ತೆಗೆಯದೆ, ಅಲ್ಲಾಡದೆ ಕೂತಿದ್ದ.