ಕುಬಸದ ವಿಡಿಯೋ ಮತ್ತು ನಾನೆಂಬ ಪ್ರೊಸೆಸರ್

ಕಂಪ್ಯೂಟರಿನ ಮಿದುಳು ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರಲ್ಲ, ಆ ಪ್ರೊಸೆಸರ್ ನಾನೇ. ಬರೆದವರು ಸ್ವಲ್ಪ ಸಂಕೋಚದ ಜನ. ಮಿದುಳು, ಹೃದಯ, ಬೆನ್ನೆಲುಬು ಎಲ್ಲವೂ ನಾನೇ. ಗಾತ್ರದಲ್ಲಿ ಬಿಸ್ಕತ್ತಿಗಿಂತ ಚಿಕ್ಕವನು, ನಿಜ. ಆದರೆ ಬಿಸ್ಕತ್ತಿಗೆ ಲೆಕ್ಕ ಬರುವುದಿಲ್ಲ.

ನಾನು ಹುಟ್ಟಿದ್ದು ಮರಳಿನಿಂದ. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ, ಆಪರೇಷನ್ ಥಿಯೇಟರಿನ ಡಾಕ್ಟರೂ ನಾಚುವಷ್ಟು ಚೊಕ್ಕಟವಾದ ಬಟ್ಟೆ ತೊಟ್ಟವರು ನನ್ನ ಹೆರಿಗೆ ಮಾಡಿಸಿದರು. ನಾನು ಕಣ್ಣುಬಿಟ್ಟ ದಿನ ಆ ಊರಿನ ಕ್ಯಾಲ್ಕ್ಯುಲೇಟರುಗಳೆಲ್ಲ ತಾವಾಗಿಯೇ ಆಫ್ ಆದವಂತೆ. ಕಂಡವರು ಯಾರೂ ಇಲ್ಲ, ಆದರೆ ನಂಬದಿರಲು ಕಾರಣವೂ ಇಲ್ಲ. ನನ್ನೊಳಗೆ ನಾಲ್ಕು ಕೋರುಗಳಿವೆ. ಒಂದೇ ಮನೆಯಲ್ಲಿ ದುಡಿಯುವ ನಾಲ್ವರು ಅಣ್ಣತಮ್ಮಂದಿರು ಎಂದುಕೊಳ್ಳಿ. ಅವರು ಒಂದು ಸೆಕೆಂಡಿನಲ್ಲಿ ಮಾಡುವ ಲೆಕ್ಕವನ್ನು ಬರೆದಿಡಲು ತುಂಗಭದ್ರೆಯಷ್ಟು ಶಾಯಿ ಬೇಕು.

ಇಂಥ ನನ್ನನ್ನು ಮೊದಲು ಕೊಂಡದ್ದು ಬೆಂಗಳೂರಿನ ಒಂದು ಕಚೇರಿ. ಏಳು ವರ್ಷ ಅಲ್ಲಿದ್ದೆ. ನನ್ನ ಸಾಹೇಬರು ಬೆಳಿಗ್ಗೆ ಒಂದು ಪತ್ರ ಟೈಪು ಮಾಡಿ, ಮಧ್ಯಾಹ್ನದವರೆಗೆ ಇಸ್ಪೀಟು ಆಡಿ, ಸಂಜೆ ಅದೇ ಪತ್ರದ ತಾರೀಖು ತಿದ್ದುತ್ತಿದ್ದರು. ಆನೆಯ ಬೆನ್ನಿಗೆ ಊದಿನಕಡ್ಡಿ ಹೊರಿಸಿದಂತಾಗಿತ್ತು ನನ್ನ ಬಾಳು. ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದಾಗ ನನ್ನನ್ನು ಕಿತ್ತು ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗೆ ಮಾರಿದರು. ಅಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನಂಥವರು ನಲವತ್ತು ಮಂದಿ, ಒಬ್ಬರಿಗಿಂತ ಒಬ್ಬರು ಬಡಾಯಿಕೋರರು. ನನಗೆ ಬಡಾಯಿ ಆಗುವುದಿಲ್ಲ, ಸುಮ್ಮನಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ರಾಣೆಬೆನ್ನೂರಿನ ಮಾರ್ತಾಂಡಪ್ಪ ಹಾದಿಮನಿ. ಮನೆಯ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಇಟ್ಟುಕೊಂಡು ಮದುವೆ, ಕುಬಸಗಳ ವಿಡಿಯೋ ಮಾಡುವವರು. ಕುಬಸವೆಂದರೆ ಆ ಕಡೆಯವರು ಬಸುರಿಗೆ ಮಾಡುವ ಸೀಮಂತ. ಅವರ ಮೀಸೆಯ ವಿಷಯದಲ್ಲಿ ನಾನು ಒಂದು ಎಳೆಯನ್ನೂ ಹೆಚ್ಚು ಹೇಳುವುದಿಲ್ಲ: ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರೆ ಮೀಸೆಯ ಒಂದು ತುದಿ ಹೊರಗೆ ಗಾಳಿಗೆ ಹಾರುತ್ತಿತ್ತು, ಇನ್ನೊಂದು ತುದಿ ಪಕ್ಕದವರ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

ಅವರು ಹೊಸ ಕ್ಯಾಮೆರಾ ಕೊಂಡಿದ್ದರು. ಅದರ ಚಿತ್ರ ಎಷ್ಟು ನಿಚ್ಚಳವೋ ಅಷ್ಟೇ ಭಾರ. ಹಳೆಯ ಕಂಪ್ಯೂಟರಿನ ಎರಡು ಕೋರಿನ ಪ್ರೊಸೆಸರು ಆ ಭಾರ ಹೊರಲಾರದೆ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತಿತ್ತು. ಉಳಿದ ಭಾಗಗಳೆಲ್ಲ ಗಟ್ಟಿಯಾಗಿದ್ದವು. ಅದೇ ಜಾಗಕ್ಕೆ ಹೊಂದುವ ನಾನೊಬ್ಬ ಬಂದರೆ ಸಾಕಿತ್ತು. ಆದರೆ ಅವರು ಬೆಂಗಳೂರಿನವರೆಗೆ ಓಡಿ ಬಂದದ್ದು ಕ್ಯಾಮೆರಾಕ್ಕಾಗಿ ಅಲ್ಲ, ಹೊನ್ನವ್ವನವರಿಗಾಗಿ.

ಹೊನ್ನವ್ವನವರ ಮಗಳು ಕಸ್ತೂರಿಯ ಮದುವೆಯ ವಿಡಿಯೋ ಮುಗಿಸಲು ಮಾರ್ತಾಂಡಪ್ಪನವರಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಆ ಮದುವೆಯಲ್ಲಿ ಹೊನ್ನವ್ವನವರ ಗಂಡ ಶೇಖಪ್ಪ ಡೊಳ್ಳಿನ ಮುಂದೆ ಕುಣಿದಿದ್ದರು. ಅದನ್ನು ನೋಡುವ ಆಸೆಗೆ ಶೇಖಪ್ಪ ಪ್ರತಿ ಸಂತೆಯ ದಿನ ಸ್ಟುಡಿಯೋಕ್ಕೆ ಬಂದು, "ಬಂತೇನ್ರಿ ನಮ್ಮ ಸಿನಿಮಾ?" ಎಂದು ಕೇಳುತ್ತಿದ್ದರಂತೆ. ಹನ್ನೆರಡನೆಯ ತಿಂಗಳಲ್ಲಿ ಅವರು ತೀರಿಕೊಂಡರು. ಮುಂದೆ ವಿಡಿಯೋ ಕೊಡಲು ಹೋದಾಗ ಹೊನ್ನವ್ವ ಅದನ್ನು ಮುಟ್ಟಲಿಲ್ಲ. "ನೋಡಾಂವನ ಹೋದ. ನೀವಾ ಇಟ್ಕೋರಿ," ಎಂದುಬಿಟ್ಟರು.

ಈಗ ಕಸ್ತೂರಿ ಏಳು ತಿಂಗಳ ಬಸುರಿ. ಕುಬಸಕ್ಕೆ ಮಾರ್ತಾಂಡಪ್ಪ ಯಾರೂ ಕರೆಯದೆಯೇ ಕ್ಯಾಮೆರಾ ಹೊತ್ತು ಹೋಗಿ ನಿಂತರು. ಹೊನ್ನವ್ವ ನೆರೆದ ಮಂದಿಯ ಎದುರಿಗೇ ಅಂದರು: "ನಿಮ್ಮ ವಿಡಿಯೋ ಬರೂದ್ರಾಗ ಕೂಸು ಸಾಲಿಗೆ ಹೋಗತೈತಿ, ಬಿಡ್ರಿ!"

ಎಲ್ಲರೂ ನಕ್ಕರು. ಮಾರ್ತಾಂಡಪ್ಪ ಮೀಸೆಯ ಮೇಲೆ ಕೈಯಿಟ್ಟರು. "ಅಕ್ಕಾರ, ಕೂಸು ಹುಟ್ಟೂದ್ರಾಗ ವಿಡಿಯೋ ನಿಮ್ಮ ಕೈಯಾಗ ಇಡ್ತೀನಿ. ಇಲ್ಲಂದ್ರ ಈ ಮೀಸಿ ಬೋಳಿಸ್ಕೊಂಡು ನಿಮ್ಮ ಮುಂದ ಬಂದು ನಿಂದರತೀನಿ."

ಹಳೆಯ ಪ್ರೊಸೆಸರಿನ ಜೊತೆ ಒಂದು ತಿಂಗಳು ಗುದ್ದಾಡಿ ಸೋತ ಮೇಲೆ ಅವರು ಬೆಂಗಳೂರಿಗೆ ಓಡಿದರು. ಹೀಗೆ ಒಂದು ಮೀಸೆಯ ಮಾನ ಹೊತ್ತು ನಾನು ರಾಣೆಬೆನ್ನೂರಿಗೆ ಬಂದೆ. ಮಾರ್ತಾಂಡಪ್ಪನವರ ಹೆಂಡತಿ ನೀಲವ್ವ ನನ್ನನ್ನು ಹಾಗೆಯೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಸದಾಗಿ ಮನೆಗೆ ಬಂದದ್ದಕ್ಕೆ ಪೂಜೆ ಬೇಡವೆ? ದೇವರ ಜಗಲಿಯ ಮುಂದಿಟ್ಟು, ನನ್ನ ಹೊಳೆಯುವ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ನಾಲ್ಕು ದಿಕ್ಕಿನ ದೇವತೆಗಳೂ ಇಣುಕಿ ನೋಡಿರಬೇಕು, ಅಷ್ಟು ಚೆಂದ ಕಾಣುತ್ತಿದ್ದೆ.

ಆದರೆ ನನ್ನ ಹಣೆ ಇರುವುದು ಬೊಟ್ಟಿಗಲ್ಲ. ಕೆಲಸ ಮಾಡುವಾಗ ನನ್ನ ಮೈ ಕಾಯುತ್ತದೆ. ಆ ಕಾವು ಹಣೆಯ ಮೂಲಕ ಮೇಲಿನ ಫ್ಯಾನಿಗೆ ಹೋಗಬೇಕು. ಎರಡರ ನಡುವೆ ತೆಳ್ಳಗೆ ಒಂದು ಪೇಸ್ಟ್ ಸವರುತ್ತಾರೆ. ಮಾರ್ತಾಂಡಪ್ಪನವರಿಗೆ ಪೂಜೆಯ ಕುಂಕುಮ ಒರೆಸಲು ಮನಸ್ಸಾಗಲಿಲ್ಲ. ಅದರ ಮೇಲೆಯೇ ಪೇಸ್ಟ್ ಸವರಿ ಫ್ಯಾನು ಬಿಗಿದರು. ಜ್ವರ ಬಂದವನಿಗೆ ಕಂಬಳಿ ಹೊದಿಸಿದಂತಾಯಿತು. ಹದಿನೈದು ನಿಮಿಷ ದುಡಿದೆನೋ ಇಲ್ಲವೋ, ತಲೆ ಸುತ್ತಿ ಕಂಪ್ಯೂಟರೇ ಆಫ್. ಮತ್ತೆ ಆನ್ ಮಾಡಿದರು, ಮತ್ತೆ ಆಫ್. ನಾಲ್ಕು ದಿನ ಇದೇ ಆಯಿತು.

"ಬೆಂಗಳೂರಾಗ ನನಗ ಟೋಪಿ ಹಾಕ್ಯಾರ!" ಎಂದು ಮಾರ್ತಾಂಡಪ್ಪ ತಲೆ ಹಿಡಿದು ಕೂತರು. ಟೋಪಿಯಂತೆ, ನಾನು!

ಸೆಕೆಗೆಂದು ಕಂಪ್ಯೂಟರಿನ ಕ್ಯಾಬಿನೆಟ್ಟಿನ ಒಂದು ಬಾಗಿಲನ್ನು ಸದಾ ತೆಗೆದೇ ಇಟ್ಟಿರುತ್ತಿದ್ದರು. ಕಸ ಗುಡಿಸುತ್ತಿದ್ದ ನೀಲವ್ವ ಒಳಗೆ ಕೈಯಿಟ್ಟು ಚಟ್ಟನೆ ಹಿಂದೆಗೆದರು. "ಇದೇನ್ರಿ, ರೊಟ್ಟಿ ಹಂಚ ಆಗೇತಿ! ಬಿಚ್ರಿ, ನೋಡೂಣು."

ಬಿಚ್ಚಿದರು.

"ಅಯ್ಯ, ನಾ ಹಚ್ಚಿದ ಕುಂಕುಮ ಹಂಗಾ ಐತಲ್ರಿ! ಒರಸಬಾರದೇನ್ರಿ?"

"ನೀ ಬೈತಿ ಅಂತ ಬಿಟ್ಟೆ."

"ಹದಿನೆಂಟು ವರ್ಷದಾಗ ಒಂದರೆ ಮಾತು ಕೇಳೀರೇನು? ಕೇಳಬಾರದ್ದು ಇದೊಂದು ಕೇಳಿದ್ರಿ ನೋಡ್ರಿ!"

ನೀಲವ್ವ ಸೆರಗಿನಿಂದ ನನ್ನ ಹಣೆ ಒರೆಸಿದರು. ತಾಯಿ ಒರೆಸಿದ ಹಾಗಿತ್ತು. ಹೊಸ ಪೇಸ್ಟ್ ಬಿತ್ತು. ಆಮೇಲೆ ನೋಡಬೇಕಿತ್ತು ನನ್ನ ಓಟ! ಆರತಿಯ ದೃಶ್ಯ ಕೇಳಿದರೆ ಆರತಿ, ಬಳೆಯ ದೃಶ್ಯ ಕೇಳಿದರೆ ಬಳೆ. ಮಾರ್ತಾಂಡಪ್ಪ ಬೆರಳೆತ್ತುವ ಮೊದಲೇ ನಾನು ಮುಗಿಸಿರುತ್ತಿದ್ದೆ. ವಾರದಲ್ಲಿ ಜೋಡಣೆ ಮುಗಿದು, ಮಂಗಳವಾರ ಬೆಳಿಗ್ಗೆ ಕೊನೆಯ ಕೆಲಸ ಉಳಿಯಿತು: ಎಲ್ಲವನ್ನೂ ಸೇರಿಸಿ ಒಂದೇ ವಿಡಿಯೋ ಮಾಡಿ ಹೊರತರುವುದು. ಎರಡು ಗಂಟೆಯ ಕೆಲಸ. ಹೆರಿಗೆಗೆ ಇನ್ನೂ ಮೂರು ವಾರವಿತ್ತು.

ಶೇಕಡಾ ನಲವತ್ತಕ್ಕೆ ಬಂದಾಗ ನೀಲವ್ವನವರ ಫೋನು ಬಡಿದುಕೊಂಡಿತು. ಕಸ್ತೂರಿಗೆ ರಾತ್ರಿಯೇ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರು.

ಮಾರ್ತಾಂಡಪ್ಪ ಪರದೆಯ ಮುಂದೆ ಕೈಮುಗಿದು ಕೂತರು. ನಾನು ಓಡಿದೆ. ಸುಳ್ಳಲ್ಲ, ಆ ಹೊತ್ತು ನಾನು ಎಳೆದ ಕರೆಂಟಿಗೆ ಹಾವೇರಿಯವರೆಗೆ ದೀಪಗಳು ಮಂಕಾದವು. ಎಪ್ಪತ್ತು. ಎಂಬತ್ತು. ಎಂಬತ್ತೊಂಬತ್ತು.

"ಹೆಣ್ಣ ಕೂಸಂತ್ರಿ! ಇಬ್ಬರೂ ಅರಾಮ ಅದಾರಂತ!" ನೀಲವ್ವ ಕೂಗಿದರು. ಕೂಗಿದ ಮೇಲೆ ಅವರ ಕಣ್ಣು ಗಂಡನ ಮೀಸೆಯ ಮೇಲೆ ಬಿತ್ತು.

ನಾನು ಮುಗಿಸಿದ್ದು ಅದಾಗಿ ಹನ್ನೆರಡು ನಿಮಿಷಕ್ಕೆ. ಬದುಕಿನಲ್ಲಿ ನಾನು ಸೋತದ್ದು ಅದೊಂದೇ ಸಲ, ಅದೂ ಇನ್ನೂ ಕಣ್ಣು ತೆರೆಯದವಳ ಕೈಯಲ್ಲಿ. ಮಾರ್ತಾಂಡಪ್ಪ ವಿಡಿಯೋ ತುಂಬಿದ ಪೆನ್ ಡ್ರೈವ್ ಕಿಸೆಗಿಟ್ಟು, ಕ್ಯಾಮೆರಾ ಹೆಗಲಿಗೇರಿಸಿ ಎದ್ದರು. ಮೊದಲು ಕ್ಷೌರದಂಗಡಿಗೆ, ಆಮೇಲೆ ಆಸ್ಪತ್ರೆಗೆ.

ಅಲ್ಲಿ ನಡೆದದ್ದು ನನಗೆ ಗೊತ್ತು. ಅವರು ತೆಗೆದ ದೃಶ್ಯ ಸಂಜೆಗೆ ನನ್ನ ಬಳಿಯೇ ಬಂತಲ್ಲ. ಹೊನ್ನವ್ವ ಬೆಂಚಿನ ಮೇಲೆ ಮೊಮ್ಮಗಳನ್ನು ತೊಡೆಯಲ್ಲಿಟ್ಟುಕೊಂಡಿದ್ದಾರೆ. ತಲೆಯೆತ್ತಿ, "ಯಾರ್ರಿ ನೀವು?" ಎನ್ನುತ್ತಾರೆ.

"ನಾನಾ ಅಕ್ಕಾರ, ಮಾರ್ತಾಂಡಪ್ಪ. ಹನ್ನೆರಡು ನಿಮಿಷ ತಡಾ ಆತು."

ಹೊನ್ನವ್ವ ಅವರನ್ನು ನೋಡುತ್ತಾರೆ, ಕೂಸನ್ನು ನೋಡುತ್ತಾರೆ, ಮತ್ತೆ ಅವರನ್ನು ನೋಡುತ್ತಾರೆ. "ಅಯ್ಯ ಶಿವನ! ಇಬ್ಬರೊಳಗ ಹಸಗೂಸು ಯಾವುದು ತಿಳೀವಲ್ದಲ್ಲ!"

ನಗು ಬಂತು ನೋಡಿ ಆ ಹೆಂಗಸಿಗೆ. ಕೂಸು ಎದ್ದು ಅಳುವಷ್ಟು ನಗು. ಕ್ಯಾಮೆರಾವೂ ಅಲ್ಲಾಡಿತು. ನಗುತ್ತಲೇ ಕಣ್ಣೊರೆಸಿಕೊಂಡು, "ಅವ್ರು ಇರಬೇಕಿತ್ರಿ ನಿಮ್ಮನ್ನ ನೋಡಾಕ," ಎಂದು ಪೆನ್ ಡ್ರೈವ್ ತೆಗೆದುಕೊಂಡರು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೇಳಿದರು: "ಆ ಮದುವಿ ವಿಡಿಯೋ... ಇಟ್ಟೀರೇನು?"

"ಇಟ್ಟೀನ್ರಿ ಅಕ್ಕಾರ."

ಈಗ ಸ್ಟುಡಿಯೋಕ್ಕೆ ಹೊಸ ಕಂಪ್ಯೂಟರು ಬಂದಿದೆ. ಅದರ ಪ್ರೊಸೆಸರಿಗೆ ಹನ್ನೆರಡು ಕೋರುಗಳಂತೆ. ಜಾತ್ರೆ ಕಟ್ಟಿಕೊಂಡು ಸಂಸಾರ ಮಾಡುವವನ ಬಗ್ಗೆ ನಾನೇನು ಹೇಳಲಿ. ನನ್ನನ್ನು ಮೂಲೆಗೆ ಸರಿಸಿದ್ದಾರೆ. ಆದರೂ ಆಗೊಮ್ಮೆ ಈಗೊಮ್ಮೆ ಹೊನ್ನವ್ವ ಬಂದು ನನ್ನ ಮುಂದೆಯೇ ಕೂರುತ್ತಾರೆ. ನೀಲವ್ವ ಚಹಾ ಕೊಟ್ಟು, ಮದುವೆಯ ವಿಡಿಯೋ ಹಾಕುತ್ತಾರೆ. ಶೇಖಪ್ಪ ರುಮಾಲು ಬೀಸುತ್ತ ಡೊಳ್ಳಿನ ಮುಂದೆ ಬರುತ್ತಾರೆ.

ಅವರ ಕುಣಿತ ಮೂರು ನಿಮಿಷ ಹತ್ತು ಸೆಕೆಂಡಿನದು. ಮನಸ್ಸು ಮಾಡಿದರೆ ನಾನದನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸಬಲ್ಲೆ. ಮುಗಿಸುವುದಿಲ್ಲ. ಅವರು ಒಂದು ಹೆಜ್ಜೆ ಇಟ್ಟಾಗ ಒಂದೇ ಹೆಜ್ಜೆ ತೋರಿಸುತ್ತೇನೆ. ಮೂರು ನಿಮಿಷ ಹತ್ತು ಸೆಕೆಂಡಿಗೆ ಮೂರು ನಿಮಿಷ ಹತ್ತು ಸೆಕೆಂಡನ್ನೇ ತೆಗೆದುಕೊಳ್ಳುತ್ತೇನೆ. ಇಷ್ಟು ನಿಧಾನವಾಗಿ ಕೆಲಸ ಮಾಡುವುದರಲ್ಲಿ ನನ್ನನ್ನು ಮೀರಿಸುವ ಪ್ರೊಸೆಸರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.