ಡಬ್ಬಿಯ ಪಾಲಿನ ಹತ್ತಿ

ಬಿಸಿಲು ಏರುವ ಕಾಲ. ಹತ್ತಿ ಒಣಗಿ ಹಗುರಾಗುವುದು ಆಗಲೇ. ಬೀದಿಯ ಕೊನೆಯ ಅಂಗಡಿಯಲ್ಲಿ ಬೆಳಗಿನಿಂದ ಹಿಂಜುವ ಕೆಲಸ ನಡೆದಿತ್ತು. ಎಳೆಗಳು ಎದ್ದು, ಇಳಿಯಲು ಮನಸ್ಸಿಲ್ಲದವರಂತೆ ಕಿಟಕಿಯ ಬೆಳಕಿನಲ್ಲಿ ತೇಲುತ್ತಿದ್ದವು. ಹಾಸಿಗೆಯವನ ಹುಬ್ಬು ಬೆಳ್ಳಗಾಗಿತ್ತು. ಗವಸು ಹೊಲಿಯುತ್ತ ಕೂತಿದ್ದ ಅವನ ಹೆಂಡತಿಯ ಮಾತು ಕೂಡ ಹತ್ತಿಯೊಳಗಿಂದ ಬಂದಂತೆ ಮೆಲ್ಲಗೆ ಕೇಳುತ್ತಿತ್ತು.

ಶಾಲೆಯ ಬಸ್ಸು ಓಡಿಸುವ ಹುಡುಗಿ ಬಾಗಿಲಿಗೆ ಬಂದಳು. ಸೊಂಟ ಮುರಿದುಕೊಂಡಿದ್ದ ಅವಳ ತಾಯಿ ಸಂಜೆ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಮನೆಯ ಹಳೆ ಹಾಸಿಗೆಯೋ ಗಂಟುಗಂಟು, ಮಲಗಿಸುವ ಹಾಗಿರಲಿಲ್ಲ. ಹೊಸದು ಸಿದ್ಧವಾಗಿತ್ತು, ಬಾಯಿ ಹೊಲಿಯುವುದೊಂದು ಬಾಕಿ. ಅವಳು ಕಾರ್ಡು ಚಾಚಿದಳು.

“ಕಾರ್ಡಾದರೆ ಸ್ವಲ್ಪ ಜಾಸ್ತಿ ಕಣಮ್ಮ,” ಎಂದು ಹಾಸಿಗೆಯವನು ಗೋಡೆಯ ಮೇಲಿನ ದರದ ಹಲಗೆ ತೋರಿಸಿದ.

“ಅಯ್ಯೋ ಮಾವ, ಇದರಲ್ಲಿ ನಗದಿನ ಬೆಲೆಯಷ್ಟೇ ಇರೋದು. ಮಿಕ್ಕಿದ್ದೆಲ್ಲ ಆಸ್ಪತ್ರೆಗೆ ಹೋಯ್ತು. ಬ್ಯಾಂಕೂ ಇವತ್ತು ಮುಚ್ಚಿದೆ. ಹೇಗಿದ್ದರೂ ದುಡ್ಡು ದುಡ್ಡೇ ಅಲ್ವಾ?”

“ನಿನ್ನ ಕೈಯಲ್ಲಿರೋವಾಗ ದುಡ್ಡೇ. ಕಾರ್ಡು ಉಜ್ಜೋ ಈ ಡಬ್ಬಿ ದಾಟಿ ಬರೋಷ್ಟರಲ್ಲಿ ಸವೆದಿರುತ್ತೆ. ಉಜ್ಜಿದಾಗಲೆಲ್ಲ ಬ್ಯಾಂಕಿನವರು ಒಂದು ತುತ್ತು ತೆಗೀತಾರೆ.”

“ಆ ತುತ್ತು ನೀವೇ ಹಾಕಿ.”

“ಹಾಕ್ತಿದ್ದೆ. ವರ್ಷ ಕಳೆದು ನೋಡಿದರೆ ಒಂದು ಹಾಸಿಗೆಯನ್ನೇ ನುಂಗಿತ್ತು.”

“ಒಂದಲ್ಲ, ಎರಡು,” ಹೆಂಡತಿ ತಲೆ ಎತ್ತದೆ ಅಂದಳು. “ಇವರು ದಿಂಬು ಲೆಕ್ಕಕ್ಕೇ ಹಿಡಿಯಲ್ಲ.”

ಹುಡುಗಿಗೆ ನಗು ಬರಲಿಲ್ಲ. ಹಾಸಿಗೆಯ ಮೇಲೆ ಅಂಗೈ ಒತ್ತಿದಳು. ಕೈ ಮೋಡಕ್ಕೆ ಇಳಿದ ಹಾಗೆ ಇಳಿಯಿತು. “ಹಾಗಾದರೆ ಅಷ್ಟು ಹತ್ತಿ ತೆಗೆದುಬಿಡಿ ಮಾವ. ಡಬ್ಬಿಯ ಪಾಲು.”

ಅವನು ಅವಳ ಮುಖ ನೋಡಿದ. ಹೊಲಿಯದ ಬಾಯೊಳಗೆ ತೋಳು ಇಳಿಸಿ ಒಂದು ಹಿಡಿ ಎಳೆದ.

“ಅಷ್ಟೇನಾ? ನನಗೋಸ್ಕರ ಕಮ್ಮಿ ತೆಗೀಬೇಡಿ.”

ಇನ್ನೊಂದು ಹಿಡಿ ಬಂತು. ಬಟ್ಟೆಯಿಂದ ಬಿಡುಗಡೆಯಾದ ಹತ್ತಿ ಅವನ ಮಡಿಲಲ್ಲಿ ಉಸಿರೆಳೆದು ಉಬ್ಬುತ್ತಲೇ ಹೋಯಿತು. ಕಾರ್ಡು ಉಜ್ಜಿದ್ದಾಯಿತು, ಚೀಟಿ ಹೊರಬಂತು.

ಹೆಂಡತಿ ಆ ಹತ್ತಿಯನ್ನು ಬಾಚಿಕೊಂಡು, ಮಿಕ್ಕ ಬಟ್ಟೆಯ ತುಂಡಿನಲ್ಲಿ ತುಂಬಿ ಹೊಲಿದಳು. “ಅಮ್ಮನ ಹಿಮ್ಮಡಿ ಕೆಳಗಿಡು. ಮಲಗಿದ್ದಲ್ಲೇ ಇದ್ದರೆ ಅಲ್ಲೂ ಹುಣ್ಣಾಗುತ್ತೆ.”

“ಇದರ ದುಡ್ಡು ಅತ್ತೆ?”

“ಡಬ್ಬಿಯ ಹತ್ತಿ ತಾನೇ? ಡಬ್ಬಿ ಕೇಳಿದಾಗ ಕೊಡು.”

“ಡಬ್ಬಿ ಕೇಳೋದು ನನ್ನನ್ನ,” ಎಂದು ಗೊಣಗಿದವನು ದಬ್ಬಳ ಹುಡುಕಿ ಹಾಸಿಗೆಯ ಬಾಯಿ ಹೊಲಿದ.

ಬಸ್ಸಿನಲ್ಲಿ ಮಕ್ಕಳು ಕೂರುವ ಸೀಟುಗಳ ಮೇಲೆ ಹಾಸಿಗೆ ಉದ್ದಕ್ಕೆ ಮಲಗಿತು. ಆಗಲೇ ಅದರ ಮೇಲೆ ಯಾರೋ ನಿದ್ದೆ ಹೋಗಿದ್ದಾರೇನೋ ಎಂಬಂತೆ ಬಸ್ಸು ನಿಧಾನವಾಗಿ ಹೊರಟಿತು.