ಸದ್ದಿಲ್ಲದ ಚಪ್ಪಾಳೆ

ಐವತ್ತು ದಿನ ಮುಗಿದು ಎರಡು ದಿನವಾಗಿತ್ತು. ಮನೆಯ ದೇವರಗೂಡಿಗೆ ಅಂಟಿಸಿದ್ದ ಬಿಳಿ ಕಾಗದವನ್ನು ನಾದಿನಿ ಕಿನುಯೆ ಕಿತ್ತು, ಮಡಿಚಿ, ಒಲೆಗೆ ಹಾಕಿದ್ದಳು. ಸಾವಾದ ಮನೆಯಲ್ಲಿ ದೇವರಿಗೆ ಸೂತಕ ತಾಗದಿರಲಿ ಎಂದು ಅಂಟಿಸುವ ಕಾಗದ ಅದು. ಅದು ಹೋಯಿತೆಂದರೆ ಸೂತಕ ಕಳೆದಂತೆ. ಕಳೆದದ್ದು ಮನೆಗೆ. ಫುಸಾಯೆಗೆ ಏನೂ ಆದಂತಿರಲಿಲ್ಲ.

ಅವಳ ಗಂಡ ಮೊಕಿಚಿ ಆಗಸ್ಟ್ ಕೊನೆಯಲ್ಲಿ ಗದ್ದೆಯ ಬದುವಿನ ಹುಲ್ಲು ಸವರುತ್ತಿದ್ದವನು ಕುಸಿದು ಬಿದ್ದ, ಮತ್ತೆ ಏಳಲಿಲ್ಲ. ಅವತ್ತಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಟ್ಟಿಗಿತ್ತಿ ಎಂದರು ಕೆಲವರು. ಕಲ್ಲೆದೆ ಎಂದರು ಉಳಿದವರು. ಊರೆಂದಮೇಲೆ ಏನಾದರೂ ಅನ್ನಲೇಬೇಕಲ್ಲ. ನಿಜ ಹೇಳಬೇಕೆಂದರೆ ಅವಳು ಗಟ್ಟಿಯೂ ಅಲ್ಲ, ಕಲ್ಲೂ ಅಲ್ಲ. ಜೋಮು ಹಿಡಿದ ಕಾಲಿನ ಹಾಗಿದ್ದಳು. ಅನ್ನ ಬೇಯಿಸುತ್ತಿದ್ದಳು, ರುಚಿ ಗೊತ್ತಾಗುತ್ತಿರಲಿಲ್ಲ. ಮೂಲಂಗಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ರಕ್ತ ನೋಡಿದ ಮೇಲೇ ತಿಳಿಯುತ್ತಿತ್ತು.

ಒಂದು ಕೆಲಸ ಮಾತ್ರ ತಪ್ಪಿರಲಿಲ್ಲ. ಬೆಳಿಗ್ಗೆ ಸಂಜೆ ಗಂಡನ ಹೆಸರು ಬರೆದು ಪೂಜೆಗಿಟ್ಟ ಪುಟ್ಟ ಹಲಗೆಯ ಮುಂದೆ ನೀರು, ಉಪ್ಪು, ಅಕ್ಕಿ ಇಟ್ಟು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟುವುದು. ಸತ್ತವರ ಮುಂದೆ ತಟ್ಟುವ ಚಪ್ಪಾಳೆಗೆ ಸದ್ದಿರಬಾರದು. ಅಂಗೈಗಳು ತಾಗುವ ಮುನ್ನವೇ, ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಬೇಕು. ಅತ್ತೆ ಬದುಕಿದ್ದಾಗ ಹೇಳಿಕೊಟ್ಟಿದ್ದರು: "ಹೋದವರು ಐವತ್ತು ದಿನ ಮನೇಲೇ ಇರ್ತಾರೆ ಕಣಮ್ಮ. ಸದ್ದು ಮಾಡಿ ಓಡಿಸ್ಬೇಡ." ಫುಸಾಯೆ ಓಡಿಸಿರಲಿಲ್ಲ. ಐವತ್ತು ದಿನ ಮುಗಿದರೂ ಅವತ್ತು ಹಬ್ಬದ ಬೆಳಿಗ್ಗೆ ಕೂಡ ಅವಳ ಕೈಗಳು ಹಾಗೆಯೇ ನಿಂತಿದ್ದವು.

ಅದನ್ನು ನೋಡಿ ಕಿನುಯೆಗೆ ದಿಗಿಲಾಯಿತು. "ಅತ್ತಿಗೆ, ಗುಡೀಲಿ ಹಿಂಗೆ ಮಾಡ್ಬಿಟ್ಟೀರ! ಅಲ್ಲಿ ಜೋರಾಗಿ ತಟ್ಬೇಕು."

"ಗೊತ್ತು."

"ಒಂದ್ಸಲ ತಟ್ಟಿ ತೋರ್ಸಿ."

"ಅಲ್ಲೇ ತಟ್ತೀನಿ ಬಿಡೆ."

ಕಿನುಯೆಯ ದಿಗಿಲಿಗೆ ಕಾರಣವಿತ್ತು. ಆ ಬೆಟ್ಟದೂರಿನ ಗುಡಿ ಎಷ್ಟು ಹಳೆಯದೆಂದರೆ ಅಲ್ಲಿನ ದೇವರ ಹೆಸರನ್ನು ಅರ್ಚಕರೂ ತಡವರಿಸಿಯೇ ಹೇಳುವುದು. ಸುಗ್ಗಿಯ ಹಬ್ಬಕ್ಕೆ ವರ್ಷಕ್ಕೊಂದು ಮನೆ ಮುಂದಾಳು. ಮುಂದಾಳು ಒಬ್ಬನೇ ಎರಡು ಚಪ್ಪಾಳೆ ತಟ್ಟಿ ದೇವರನ್ನು ಎಬ್ಬಿಸಬೇಕು. ಅವನು ಹೇಗೆ ಮಾಡುತ್ತಾನೋ ಊರು ಹಾಗೇ ಮಾಡಬೇಕು, ಚಾಚೂ ತಪ್ಪದೆ. ಆಮೇಲೆ ಡೋಲು, ಆಮೇಲೆ ಆ ಮನೆಯ ಹೆಸರಿನ ಫಲಕ ಗುಡಿಯ ತೊಲೆಗೆ ಏರುತ್ತದೆ. ಚಪ್ಪಾಳೆ ಕೆಟ್ಟರೆ ಫಲಕವಿಲ್ಲ. ಮತ್ತೆ ಸರದಿ ಬರುವುದು ಇಪ್ಪತ್ತಮೂರು ವರ್ಷಕ್ಕೆ.

ಈ ವರ್ಷದ್ದು ಮೊಕಿಚಿಯ ಸರದಿ. ಚಳಿಗಾಲದಲ್ಲೇ ಅವನು ಫಲಕದ ಹಲಗೆಯನ್ನು ತಾನೇ ಉಜ್ಜಿ ನುಣುಪು ಮಾಡಿಟ್ಟಿದ್ದ. ಕೊಟ್ಟಿಗೆಯಲ್ಲಿ ನಿಂತು ಚಪ್ಪಾಳೆ ಅಭ್ಯಾಸ ಮಾಡುತ್ತಿದ್ದ, ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದ್ದವು. ಅವನು ಹೋದ ಮೇಲೆ ಹೆಂಗಸು ಮುಂದಾಳಾಗಬಹುದೇ ಎಂದು ಹಿರಿಯರು ಎರಡು ಸಂಜೆ ಕೂತು ಚರ್ಚಿಸಿದರು. ಕೊನೆಗೆ ಮೊಕಿಚಿಯ ಗೆಳೆಯ, ಮುದುಕ ಗೊಹೆ, "ಆ ಮನೇಲಿ ಮುಂದಾಳು ಯಾರಾಗಿದ್ರು ಅಂತ ನಿಮಗ್ಯಾರಿಗೂ ಗೊತ್ತೇ ಇಲ್ವೇನ್ರಯ್ಯ?" ಎಂದು ಕೇಳಿದ ಮೇಲೆ ಮಾತು ಮುಗಿಯಿತು. ಫುಸಾಯೆ ಹೂಂ ಎಂದಳು. ಆ ಫಲಕವೊಂದು ಏರಬೇಕು, ಅಷ್ಟು ಮಾತ್ರ ಅವಳ ತಲೆಯಲ್ಲಿತ್ತು.

ಗುಡಿಯ ಕಲ್ಲಿನ ಹೆಬ್ಬಾಗಿಲ ಮುಂದೆ ಅವಳ ಕಾಲು ತಾನಾಗಿ ಪಕ್ಕದ ಕಾಲುದಾರಿಗೆ ತಿರುಗಿತು. ಸೂತಕದವರು ಆ ಕಂಬಗಳ ನಡುವೆ ಹಾಯುವಂತಿಲ್ಲ. ಐವತ್ತು ದಿನ ಸುತ್ತು ಹಾಕಿಯೇ ಓಡಾಡಿದ್ದಳು. ಕಿನುಯೆ ತೋಳು ಹಿಡಿದು ಎಳೆದಳು. ಒಳಗೆ ಕೈ ಬಾಯಿ ತೊಳೆದರು. ನೀರು ತಣ್ಣಗಿದೆ ಎಂದು ಎಲ್ಲರೂ ಅನ್ನುತ್ತಿದ್ದರು, ಇರಬೇಕು ಎಂದುಕೊಂಡಳು.

ಅಂಗಳದಲ್ಲಿ ಅರವತ್ತು ಜನ. ಗೊಹೆ ಪಕ್ಕದವನಿಗೆ ಹಳೇ ಕಥೆ ಹೇಳುತ್ತಿದ್ದ. "ನಮ್ಮಪ್ಪ ಮುಂದಾಳಾಗಿದ್ದಾಗ ಬಗ್ಗಿದೋನು ಕೆಮ್ಮಿಬಿಟ್ಟ. ಊರಿಗೂರೇ ಕೆಮ್ಮಿತು ನೋಡು! ಮೊಕಿಚಿ ಬಡ್ಡೀಮಗ ಎಲ್ಲರಿಗಿಂತ ಜೋರಾಗಿ ಕೆಮ್ಮಿದ." ಅರ್ಚಕರು ಡೋಲಿನ ಕೋಲು ಎತ್ತಿ ಹಿಡಿದರು. ಗೊಹೆ ಬಾಯಿ ಮುಚ್ಚಿದ.

ಫುಸಾಯೆ ಮುಂದೆ ಹೋದಳು. ಫಲಕ ಮೆಟ್ಟಿಲ ಮೇಲೆ ಒರಗಿತ್ತು. ಎರಡು ಸಲ ಬಾಗಿದಳು. ಕೈ ಎತ್ತಿದಳು. ಜೋರಾಗಿ, ಎಂದುಕೊಂಡಳು. ಅಂಗೈಗಳು ಹತ್ತಿರ ಬಂದವು, ಕೂದಲೆಳೆಯಷ್ಟು ದೂರದಲ್ಲಿ ನಿಂತವು. ಇನ್ನೊಂದು ಸಲ. ಮತ್ತೆ ನಿಂತವು.

ಡೋಲಿನ ಕೋಲು ಗಾಳಿಯಲ್ಲೇ ಉಳಿಯಿತು. ಕೆಟ್ಟಿತು ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಎದೆ ಧಸಕ್ಕೆನ್ನಲಿಲ್ಲ. ಫಲಕವನ್ನು ಮನೆಗೆ ಒಯ್ಯಬೇಕು, ಭಾರ ಎಷ್ಟಿರಬಹುದು ಎಂದಷ್ಟೇ ಯೋಚಿಸಿದಳು.

ಹಿಂದೆ ಬಟ್ಟೆ ಸರಿದಾಡಿದ ಸದ್ದಾಯಿತು. ತಿರುಗಿ ನೋಡಿದಳು. ಊರು ಎರಡು ಸಲ ಬಾಗಿ ಎದ್ದಿತ್ತು. ಅರವತ್ತು ಜೊತೆ ಕೈಗಳು ಮೇಲೆದ್ದು, ಒಂದನ್ನೊಂದು ತಾಗದೆ ನಿಂತವು. ಎರಡನೇ ಸಲವೂ ಹಾಗೇ. ಮುಂದಾಳು ಮಾಡಿದಂತೆ, ಚಾಚೂ ತಪ್ಪದೆ. ಯಾರೂ ನಗಲಿಲ್ಲ.

"ತಂಗೀ," ಎಂದ ಗೊಹೆ. "ಮೊಕಿಚಿಗೆ ನಾವೂ ತಟ್ಟಿದ್ವಿ, ಅವನಿಗೆ ಸೇರ್ತು. ಇನ್ನು ದೇವರಿಗೆ ತಟ್ಟವ್ವಾ. ಪಾಪ, ಅವನಿನ್ನೂ ಮಲಗವ್ನೆ."

ಅರ್ಚಕರು ಬೇಡವೆನ್ನಲಿಲ್ಲ. ಕೋಲನ್ನು ಕೆಳಗಿಳಿಸಲೂ ಇಲ್ಲ.

ಫುಸಾಯೆ ಗುಡಿಯತ್ತ ತಿರುಗಿದಳು. ತಟ್ಟಿದರೆ ಮನೆ ಖಾಲಿ. ಇಷ್ಟು ದಿನ ಆ ಕೂದಲೆಳೆಯಷ್ಟು ಜಾಗದಲ್ಲೇ ಅವನನ್ನು ಇಟ್ಟುಕೊಂಡಿದ್ದಳೆಂದು ಈಗ ತಿಳಿಯಿತು. ಕಣ್ಣು ಮುಚ್ಚಿ ಕೈ ಎತ್ತಿದಳು. ಕೊಟ್ಟಿಗೆಯಲ್ಲಿ ಅವನು ತಟ್ಟುತ್ತಿದ್ದಂತೆ ತಟ್ಟಿದಳು, ಒಂದು, ಎರಡು.

ಹಿಂದಿನಿಂದ ಅರವತ್ತು ಜನರ ಚಪ್ಪಾಳೆ ಸಿಡಿಯಿತು. ಡೋಲು ಬಡಿಯಿತು. ಇಬ್ಬರು ಫಲಕವನ್ನು ಹೊತ್ತು ಏಣಿ ಹತ್ತಿದರು. ಅವಳು ಮಾತ್ರ ತನ್ನ ಅಂಗೈಗಳನ್ನೇ ನೋಡುತ್ತ ನಿಂತಿದ್ದಳು. ಕೆಂಪಗಾಗಿದ್ದವು. ಚುರುಚುರು ಎನ್ನುತ್ತಿದ್ದವು. ಉರಿ ಬೆರಳಿನಿಂದ ಮುಂಗೈಗೆ, ಅಲ್ಲಿಂದ ಮೇಲಕ್ಕೆ ಏರುತ್ತಿತ್ತು.

ಕಿನುಯೆ ಬಳಿಗೆ ಬಂದಳು. "ಏನಾಯ್ತು ಅತ್ತಿಗೆ?"

"ಕಿನುಯೆ," ಎಂದಳು ಫುಸಾಯೆ. "ನಿಮ್ಮಣ್ಣ ಹೋಗ್ಬಿಟ್ರು ಕಣೆ."

ಕಿನುಯೆ ಆ ಉರಿಯುವ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಹೂಂ ಅತ್ತಿಗೆ," ಎಂದಳು. "ಹೋಗ್ಬಿಟ್ಟ."